ಒಂದು ಚಮಚ ಮೊಳಕೆ ರಾಗಿ ಹಿಟ್ಟು

ಕೇಳುಗರಿಗೆಲ್ಲ ನಮಸ್ಕಾರ.

ಮಗುವಿಗೆ ಆರು ತಿಂಗಳು ತುಂಬಿತು ಅಂದರೆ ಎದೆಹಾಲಿನ ಜೊತೆಗೆ ಮೇಲಿನ ಊಟ ಶುರು ಮಾಡಬೇಕು. ನಮ್ಮ ಹಳೇ ಮೈಸೂರು ಕಡೆ ಆಗ ಒಲೆ ಮೇಲೆ ಏರುವುದು ರಾಗಿ ಸರಿ, ಅಂದರೆ ರಾಗಿ ಹಿಟ್ಟಿನ ಗಂಜಿ. ಆ ಸರಿ ಎಷ್ಟು ಗಟ್ಟಿ ಇರಬೇಕು ಅನ್ನುವುದೇ ಇವತ್ತಿನ ಮಾತು. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಮಕ್ಕಳ ಬೆಳವಣಿಗೆಗೆ ಇದು ನೇರವಾಗಿ ತಟ್ಟುವ ವಿಷಯ.

ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಎಂಟು ಕೆ.ಜಿ. ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿ.ಲೀ. ಅಷ್ಟೇ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಲ್ಲದೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ವರ್ಷ ತುಂಬಿದ ಮೇಲೆ 550 ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಗ ಒಂದು ಲೋಟ ನೀರಿಗೆ 15 ಗ್ರಾಂ ರಾಗಿ ಹಿಟ್ಟು ಹಾಕಿ ಕಾಯಿಸಿದಿರಿ ಅಂದುಕೊಳ್ಳಿ. ಅದರಲ್ಲಿ ಸಿಗುವುದು ಬರೀ 50 ಕ್ಯಾಲೊರಿ. ಹಿಟ್ಟು ಜಾಸ್ತಿ ಮಾಡೋಣ ಅಂದರೆ ಸರಿ ಗಟ್ಟಿಯಾಗಿಬಿಡುತ್ತದೆ, ಮಗು ಉಗಿಯುತ್ತದೆ. ತಾಯಿ ಪಾಪ, ನೀರು ಬೆರೆಸುತ್ತಾಳೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಬಡತನ ಇದ್ದ ಮನೆಯಲ್ಲಿ ಮಾತ್ರ ಹೀಗಾಗುತ್ತದೆ ಅಂತಲ್ಲ. ಡಬ್ಬದ ತುಂಬ ಹಿಟ್ಟಿದ್ದರೂ ಹೀಗಾಗುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಕಾರಣ ಹಲವು. ಅದರಲ್ಲಿ ನೀರಾದ ಗಂಜಿಯೂ ಒಂದು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿ.ಎಫ್.ಟಿ.ಆರ್.ಐ.ನಲ್ಲಿ 1980ರ ಆಸುಪಾಸಿನಲ್ಲಿ ವಿಜ್ಞಾನಿಗಳಾದ ಎಚ್.ಎಸ್.ಆರ್. ದೇಶಿಕಾಚಾರ್, ಎನ್.ಜಿ. ಮಲ್ಲೇಶಿ ಅವರು ಕೈಹಾಕಿದ್ದು ಇದೇ ತೊಂದರೆಗೆ. ರಾಗಿ ಮೊಳಕೆ ಒಡೆಯುವಾಗ ಕಾಳಿನೊಳಗೆ ಅಮೈಲೇಸ್ ಅನ್ನುವ ಕಿಣ್ವ, ಅಂದರೆ ಎನ್‌ಜೈಮ್ ಹುಟ್ಟುತ್ತದೆ. ಗಂಜಿಯನ್ನು ಗಟ್ಟಿ ಮಾಡುವುದು ಪಿಷ್ಟ. ಈ ಕಿಣ್ವ ಆ ಪಿಷ್ಟವನ್ನು ತುಂಡು ತುಂಡು ಮಾಡುತ್ತದೆ. ಹಾಗಾಗಿ ಮೊಳಕೆ ಹಿಟ್ಟನ್ನು ಎರಡರಷ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ, ಮಗುವಿನ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಮೊಳಕೆ ರಾಗಿ 70 ಪಾಲು, ಮೊಳಕೆ ಹೆಸರುಕಾಳು 30 ಪಾಲು ಸೇರಿಸಿ ಅವರು ಒಂದು ಶಿಶು ಆಹಾರವನ್ನೇ ರೂಪಿಸಿದರು. ಯಂತ್ರ ಗಿಂತ್ರ ಏನೂ ಇಲ್ಲದೆ ಯಾವ ಹಳ್ಳಿ ಮನೆಯಲ್ಲಾದರೂ ಮಾಡಬಹುದು. ನನಗೆ ಈ ಸಂಶೋಧನೆ ತುಂಬ ಇಷ್ಟವಾಗುವುದು ಅದಕ್ಕೇ.

ಮೊಳಕೆ ರಾಗಿ ಹಿಟ್ಟು ಮಾಡುವ ಕ್ರಮ ಹೇಳಿಬಿಡುತ್ತೇನೆ. ರಾಗಿಯನ್ನು ಚೆನ್ನಾಗಿ ತೊಳೆದು, ಕಲ್ಲು ಆರಿಸಿ, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎರಡು ದಿನದಲ್ಲಿ ಮೊಳಕೆ ಬರುತ್ತದೆ. ಬಿಸಿಲಲ್ಲಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಕೇರಿ. ಆಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ. ಇಲ್ಲೊಂದು ಎಚ್ಚರ ಬೇಕು. ಜಾಸ್ತಿ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ. ಬೀಸಿ, ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ.

ದಿನಾ ಇದರಲ್ಲೇ ಸರಿ ಮಾಡಬೇಕು ಅಂತೇನಿಲ್ಲ. ಮಾಮೂಲಿ ಹಿಟ್ಟಿನಲ್ಲೇ ಗಟ್ಟಿಯಾಗಿ ಸರಿ ಕಾಯಿಸಿ ಇಳಿಸಿ. ಕುದಿ ನಿಂತು, ಇನ್ನೂ ಚೆನ್ನಾಗಿ ಬಿಸಿ ಇರುವಾಗಲೇ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿ. ನಿಮ್ಮ ಕಣ್ಣೆದುರೇ ಸರಿ ಸಡಿಲವಾಗಿ ಸೌಟಿನಿಂದ ಹರಿಯತೊಡಗುತ್ತದೆ. ನಂತರ ಇನ್ನೊಂದು ಸಲ ಕುದಿಸಿ ಆರಿಸಿ ಕೊಡಿ. ಈ ಕುದಿ ಬಿಡಬೇಡಿ, ಮೊಳಕೆ ಕಟ್ಟಿದಾಗ ಕ್ರಿಮಿಗಳೂ ಬೆಳೆದಿರಬಹುದು. ಅಂಗಡಿಯಿಂದ ತಂದ ಮಾಲ್ಟ್ ಪುಡಿಯನ್ನೂ, ಅಂದರೆ ಮೊಳಕೆ ಕಾಳಿನ ಪುಡಿಯನ್ನೂ, ಹೀಗೇ ಹಾಕಿ ಪರೀಕ್ಷೆ ಮಾಡಬಹುದು. ಸರಿ ಸಡಿಲವಾಗದಿದ್ದರೆ ಅದರಲ್ಲಿ ಈ ಕಿಣ್ವ ಉಳಿದಿಲ್ಲ ಅಂತಲೇ ಲೆಕ್ಕ.

ಉತ್ತರ ಕರ್ನಾಟಕದ ಕೇಳುಗರು ಜೋಳದಲ್ಲಿ ಮಾಡಬಹುದಾ ಅಂತ ಕೇಳಬಹುದು. ಬೇಡ. ಎಳೆ ಜೋಳದ ಪೈರು ಮೇದು ದನ ಸತ್ತದ್ದನ್ನು ನೀವೇ ಕಂಡಿರುತ್ತೀರಿ, ಅಲ್ವಾ? ಸಯನೈಡ್ ಬಿಡುವ ಅದೇ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಮಗುವಿನ ವಿಷಯದಲ್ಲಿ ರಾಗಿಯೇ ಕ್ಷೇಮ.

ಇಷ್ಟೆಲ್ಲ ಆಗಬೇಕಾದರೆ ಮನೆಯಲ್ಲಿ ರಾಗಿ ಇರಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನಷ್ಟಕ್ಕೇ ಪರಾಗ ಕಟ್ಟಿಕೊಳ್ಳುವಂಥದ್ದು. ಅಂಥ ಬೆಳೆಯಲ್ಲಿ ಸಂಕರ ಮಾಡುವುದು ಎಷ್ಟು ತಾಳ್ಮೆಯ ಕೆಲಸ ಅಂತ ಊಹಿಸಿಕೊಳ್ಳಿ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು.

ಹಾಗಂತ ರಾಗಿಯೊಂದೇ ಸಾಲದು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗಿಂತ ಹೆಚ್ಚು ಸುಣ್ಣದ ಅಂಶ ಇದೆ, ನಿಜ. ಆದರೆ ಅದರ ಕಬ್ಬಿಣವನ್ನು ಫೈಟೇಟ್ ಅನ್ನುವ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬಂದಾಗ ಆ ಹಿಡಿತ ಸ್ವಲ್ಪ ಸಡಿಲುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಸರಿಗೆ ಒಂದು ಚಮಚ ತುಪ್ಪ ಹಾಕಿ, ಜೊತೆಗೆ ಬೇಯಿಸಿ ಮಸೆದ ಸೊಪ್ಪು, ಬೇಳೆ, ಮನೆಯಲ್ಲಿ ತಿನ್ನುವವರಾದರೆ ಮೊಟ್ಟೆ ಕೊಡಿ. ಮಗು ಜ್ವರ, ಭೇದಿಯಿಂದ ಸುಧಾರಿಸಿಕೊಳ್ಳುವಾಗ ದಿನಕ್ಕೆ ಒಂದು ಸಲ ಹೆಚ್ಚಿಗೆ ತಿನ್ನಿಸಿ. ಎದೆಹಾಲನ್ನು ಎರಡು ವರ್ಷದವರೆಗೂ ನಿಲ್ಲಿಸಬೇಡಿ.

ನಮಸ್ಕಾರ.