ನಿಂತಂತೆ ಕಾಣುವ ಕ್ರಿಯೆ

ಕೇಳುಗರಿಗೆ ನಮಸ್ಕಾರ.

ನಮ್ಮ ಹೊಲಗಳಿಗೆ ಬೀಳುವ ಯೂರಿಯಾ ತಯಾರಾಗುವುದು ಅಮೋನಿಯಾದಿಂದ. ಒಂದು ಪಾಲು ಸಾರಜನಕಕ್ಕೆ ಮೂರು ಪಾಲು ಜಲಜನಕ ಕೂಡಿದರೆ ಎರಡು ಪಾಲು ಅಮೋನಿಯಾ. ಕಾಗದದ ಮೇಲೆ ಲೆಕ್ಕ ಇಷ್ಟೇ. ಆದರೆ ಈ ಅನಿಲಗಳನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಎಷ್ಟು ಹೊತ್ತು ಕಾಯಿಸಿದರೂ ಎಲ್ಲವೂ ಅಮೋನಿಯಾ ಆಗುವುದಿಲ್ಲ. ಹುಟ್ಟಿದ ಅಮೋನಿಯಾದಲ್ಲಿ ಒಂದಷ್ಟು ಅಲ್ಲಿಯೇ ಒಡೆದು ಮತ್ತೆ ಸಾರಜನಕ, ಜಲಜನಕಗಳಾಗುತ್ತಿರುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹೇಬರ್ ಇದನ್ನು ಅಳೆಯಲು ಹೂಡಿದ ಪ್ರಯೋಗ ನನಗೆ ಬಹಳ ಇಷ್ಟ. ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕಬ್ಬಿಣದ ಮೇಲೆ ಅವರು ಮೊದಲು ಅಮೋನಿಯಾವನ್ನು ಹಾಯಿಸಿದರು. ಬಹುಪಾಲು ಒಡೆದುಹೋಯಿತು, ಚೂರು ಉಳಿಯಿತು. ಉಳಿದದ್ದನ್ನು ತೆಗೆದು, ಒಡೆದು ಬಂದ ಅನಿಲಗಳನ್ನು ಅದೇ ಶಾಖದ ಇನ್ನೊಂದು ಕಬ್ಬಿಣದ ಮೇಲೆ ಹಾಯಿಸಿದರು. ಅಲ್ಲಿ ಹೊಸದಾಗಿ ಅಷ್ಟೇ ಅಮೋನಿಯಾ ಹುಟ್ಟಿತು. ಎರಡೂ ಕಡೆ ಹತ್ತು ಸಾವಿರಕ್ಕೆ ಒಂದು ಪಾಲಿನ ಆಸುಪಾಸು! ಅಮೋನಿಯಾದಿಂದ ಹೊರಟರೂ ಸಾರಜನಕ, ಜಲಜನಕಗಳಿಂದ ಹೊರಟರೂ ತಲುಪುವ ನೆಲೆ ಒಂದೇ. ಅದೇ ರಾಸಾಯನಿಕ ಸಮತೋಲನ.

ವಿದ್ಯಾರ್ಥಿಗಳೇ, ಸಮತೋಲನ ಸ್ಥಿರಾಂಕದ ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ಮನಸ್ಸಿಗೆ ಇಳಿಯಲಿ: ಆ ನೆಲೆಯಲ್ಲಿ ಕ್ರಿಯೆ ನಿಂತಿಲ್ಲ. ಅಮೋನಿಯಾ ಹುಟ್ಟುವ ವೇಗವೂ ಒಡೆಯುವ ವೇಗವೂ ಸಮವಾಗಿವೆ. ಆದ್ದರಿಂದ ಪ್ರಮಾಣ ಬದಲಾಗುವುದಿಲ್ಲ, ಅಷ್ಟೇ. ಇದಕ್ಕೆ ಪುರಾವೆಯೂ ಇದೆ. ಸಮತೋಲನ ತಲುಪಿದ ಮಿಶ್ರಣದೊಡನೆ, ಅಂಥದೇ ಸ್ಥಿತಿಯಲ್ಲಿ ಡ್ಯೂಟೀರಿಯಂ ಎಂಬ ಭಾರ ಜಲಜನಕದಿಂದ ಸಿದ್ಧಪಡಿಸಿದ ಮಿಶ್ರಣವನ್ನು ಬೆರೆಸಿ ಸ್ವಲ್ಪ ಕಾಲ ಬಿಟ್ಟರೆ, ಒಟ್ಟು ಅಮೋನಿಯಾ ಮೊದಲಿನಷ್ಟೇ ಇರುತ್ತದೆ. ಆದರೆ ಎರಡೂ ಬಗೆಯ ಜಲಜನಕ ಸೇರಿಕೊಂಡ ಅಮೋನಿಯಾ ಅಣುಗಳು ಅದರಲ್ಲಿ ಕಾಣಿಸಿಕೊಳ್ಳುತ್ತವೆ. ಕ್ರಿಯೆ ನಿಂತೇಹೋಗಿದ್ದರೆ ಈ ಅದಲುಬದಲು ಎಲ್ಲಿಂದ ಬರಬೇಕು?

ಹತ್ತು ಸಾವಿರಕ್ಕೆ ಒಂದು ಪಾಲಿನಿಂದ ಕಾರ್ಖಾನೆ ನಡೆಯದು. ನೆಲೆಯನ್ನೇ ಸರಿಸಬೇಕು. ಹೇಗೆ ಎಂಬುದಕ್ಕೆ ದಾರಿಯನ್ನು ಫ್ರಾನ್ಸಿನ ಲೆ ಷಾಟಲಿಯೆ 1884ರಲ್ಲಿಯೇ ತೋರಿಸಿದ್ದರು: ಸಮತೋಲನದ ಮೇಲೆ ನಾವು ಹೇರಿದ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಅದು ವಾಲುತ್ತದೆ. ನಾಲ್ಕು ಪಾಲು ಅನಿಲ ಎರಡು ಪಾಲಾಗುವುದರಿಂದ ಒತ್ತಡ ಏರಿದಷ್ಟೂ ಅಮೋನಿಯಾ ಹೆಚ್ಚು. ಅದು ಹುಟ್ಟುವಾಗ ಶಾಖ ಹೊರಬರುವುದರಿಂದ ಉಷ್ಣತೆ ಇಳಿದಷ್ಟೂ ಲಾಭ. ತೊಡಕು ಇಲ್ಲಿದೆ: ತಣ್ಣಗಾದರೆ ಕ್ರಿಯೆ ತೀರಾ ನಿಧಾನವಾಗುತ್ತದೆ. ಅದಕ್ಕೇ ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು ಬೇಕು. ಅದು ಮುಮ್ಮುಖ, ಹಿಮ್ಮುಖ ಎರಡೂ ಕ್ರಿಯೆಗಳನ್ನು ಒಂದೇ ಪ್ರಮಾಣದಲ್ಲಿ ಚುರುಕುಗೊಳಿಸುತ್ತದೆ. ಹಾಗಾಗಿ ಸಮತೋಲನ ಬೇಗ ಬರುತ್ತದೆಯೇ ಹೊರತು ಅದರ ನೆಲೆ ಕದಲುವುದಿಲ್ಲ. ಪರೀಕ್ಷೆಗಳಲ್ಲಿ ತುಂಬಾ ಮಂದಿ ಎಡವುವುದು ಇಲ್ಲಿಯೇ.

1909ರಲ್ಲಿ ಹೇಬರ್ ಆಸ್ಮಿಯಂ ಎಂಬ ಲೋಹದ ಕ್ರಿಯಾವರ್ಧಕವನ್ನೂ ವಾತಾವರಣಕ್ಕಿಂತ ನೂರಾರು ಪಟ್ಟು ಒತ್ತಡವನ್ನೂ ಬಳಸಿ ಅಮೋನಿಯಾ ತೊಟ್ಟಿಕ್ಕುವುದನ್ನು ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿದರು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು, ದುಬಾರಿ ಆಸ್ಮಿಯಂ ಬದಲು ಕಬ್ಬಿಣದ ಕ್ರಿಯಾವರ್ಧಕದಿಂದ.

ಇಂದಿಗೂ ಅನಿಲ ಒಂದು ಸಲ ಹಾದಾಗ ಅಮೋನಿಯಾ ಆಗುವುದು ಅದರ ಸ್ವಲ್ಪ ಭಾಗ ಮಾತ್ರ. ಹೊರಬಂದ ಮಿಶ್ರಣವನ್ನು ತಂಪು ಮಾಡಿದರೆ ಅಮೋನಿಯಾ ದ್ರವವಾಗಿ ಬೇರೆಯಾಗುತ್ತದೆ. ಒಡೆಯಲು ಅಮೋನಿಯಾವೇ ಇಲ್ಲದಾಗ ಹಿಮ್ಮುಖ ಕ್ರಿಯೆ ಸೊರಗುತ್ತದೆ. ಉಳಿದ ಸಾರಜನಕ, ಜಲಜನಕಗಳು ಹೊಸ ಅನಿಲದೊಡನೆ ಸೇರಿ ಮತ್ತೆ ಕಬ್ಬಿಣದ ಮೇಲೆ ಹರಿಯುತ್ತವೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಹಾಕಿದ್ದೆಲ್ಲವೂ ಹೆಚ್ಚುಕಡಿಮೆ ಅಮೋನಿಯಾ ಆಗಿಯೇ ಕೈಸೇರುತ್ತದೆ. ನಮಸ್ಕಾರ.