ಬೆಳ್ಳಿಗೆ ಈ ವರ್ಷ ಯಾವ ಲಸಿಕೆ, ಯಾವುದು ಬೇಡ?

ನಮಸ್ಕಾರ. ತೆರೆಯ ಮೇಲೆ ನೀವು ನೋಡುತ್ತಿರುವುದು ನಮ್ಮ ನಾಯಿ ಬೆಳ್ಳಿಯ ಲಸಿಕೆ ಪುಸ್ತಕ. ಬೆಳ್ಳಿಗೆ ಈಗ ಐದು ವರ್ಷ. ಮರಿಯಾಗಿದ್ದಾಗಿನಿಂದ ಇಲ್ಲಿಯವರೆಗೆ ಒಂದು ಲಸಿಕೆಯೂ ತಪ್ಪಿಲ್ಲ. ಈ ತಿಂಗಳು ಮತ್ತೆ ದಿನಾಂಕ ಬಂದಿದೆ. ಪ್ರತಿ ವರ್ಷ ಎಲ್ಲವನ್ನೂ ಹಾಕಿಸಲೇಬೇಕೆ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತಲೇ ಇದ್ದೀರಿ. ನಾನು ಹೇಗೆ ತೀರ್ಮಾನಿಸಿದೆ, ಏಕೆ ಹಾಗೆ ತೀರ್ಮಾನಿಸಿದೆ ಎಂದು ಇವತ್ತು ಬಿಡಿಸಿ ಹೇಳುತ್ತೇನೆ.

ಈ ಪುಟದಲ್ಲಿ ಅಂಟಿಸಿರುವ ಚೀಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸೂಜಿ ಒಂದೇ ಆದರೂ ಅದರೊಳಗೆ ಹಲವು ಲಸಿಕೆಗಳಿವೆ: ಉಸಿರಾಟಕ್ಕೂ ನರಗಳಿಗೂ ತಗಲುವ ಡಿಸ್ಟೆಂಪರ್, ಯಕೃತ್ತಿಗೆ ತಗಲುವ ಅಡಿನೊವೈರಸ್, ಕರುಳಿಗೆ ತಗಲುವ ಪಾರ್ವೊ, ಅವುಗಳ ಜೊತೆಗೆ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ. ಇವೆಲ್ಲಕ್ಕೂ ಒಂದೇ ಅವಧಿ ಎಂದು ನಾವು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಪ್ರತಿಯೊಂದು ರೋಗಕ್ಕೂ ದೇಹ ನೆನಪಿಟ್ಟುಕೊಳ್ಳುವ ಕಾಲ ಬೇರೆ ಬೇರೆ.

ಮೊದಲ ಮೂರೂ ವೈರಸ್‌ಗಳು. ಸಾಮಾನ್ಯವಾಗಿ ಅವುಗಳ ಲಸಿಕೆಯಲ್ಲಿ ಶಕ್ತಿಗುಂದಿಸಿದ ಜೀವಂತ ವೈರಸ್ ಇರುತ್ತದೆ. ಅದು ನಾಯಿಯ ದೇಹದಲ್ಲಿ ಸ್ವಲ್ಪ ಕಾಲ ಬೆಳೆದು, ರೋಗವನ್ನು ಉಂಟುಮಾಡದೆಯೇ ದೇಹಕ್ಕೆ ಗಟ್ಟಿಯಾದ ಪಾಠ ಕಲಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೊನಾಲ್ಡ್ ಶುಲ್ಟ್ಸ್ ಈ ರಕ್ಷಣೆ ಎಷ್ಟು ಕಾಲ ಉಳಿಯುತ್ತದೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದರು. ಡಿಸ್ಟೆಂಪರ್, ಪಾರ್ವೊಗಳ ವಿರುದ್ಧ ಅದು ಏಳು ವರ್ಷ, ಅದಕ್ಕೂ ಹೆಚ್ಚು ನಿಲ್ಲಬಲ್ಲದು ಎಂದು ಅವರ ಪ್ರಯೋಗಗಳು ತೋರಿಸಿದವು. ವಿಶ್ವ ಸಣ್ಣ ಪ್ರಾಣಿಗಳ ಪಶುವೈದ್ಯಕೀಯ ಸಂಘ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದೇ ದಿಕ್ಕಿನಲ್ಲಿದೆ: ವಯಸ್ಕ ನಾಯಿಗೆ ಈ ಮೂರನ್ನು ಮೂರು ವರ್ಷಕ್ಕಿಂತ ಬೇಗ ಮತ್ತೆ ಕೊಡುವ ಅಗತ್ಯವಿಲ್ಲ.

ಆದರೆ ದಯವಿಟ್ಟು ಗಮನಿಸಿ, ಇದು ಮರಿಗಳಿಗೆ ಅನ್ವಯಿಸುವುದಿಲ್ಲ. ಈ ಮಾತನ್ನು ಕೇಳಿ ಯಾರಾದರೂ ಮರಿಯ ಒಂದು ಡೋಸ್ ಬಿಟ್ಟರೆ ನನಗೆ ತುಂಬ ಸಂಕಟವಾಗುತ್ತದೆ. ತಾಯಿಯ ಗಿಣ್ಣುಹಾಲಿನ ಮೂಲಕ ಮರಿಗೆ ಪ್ರತಿಕಾಯಗಳು ಬರುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಅವೇ. ಕಷ್ಟವೇನೆಂದರೆ, ಅವು ಲಸಿಕೆಯಲ್ಲಿರುವ ವೈರಸ್ಸನ್ನೂ ತಡೆದುಬಿಡುತ್ತವೆ. ಅವು ಯಾವಾಗ ಕರಗುತ್ತವೆ ಎಂಬುದು ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ. ಅದಕ್ಕಾಗಿಯೇ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ, ಹದಿನಾರು ವಾರ ತುಂಬುವವರೆಗೂ ಮತ್ತೆ ಮತ್ತೆ ಕೊಡುತ್ತಾರೆ. ಕೊನೆಯ ಡೋಸ್ ಹದಿನಾರು ವಾರಕ್ಕೆ ಅಥವಾ ಅದರ ನಂತರವೇ ಬೀಳಬೇಕು. ಆಮೇಲೆ ಆರು ತಿಂಗಳ ಸುಮಾರಿಗೆ ಇನ್ನೊಂದು. ಹಿಂದಿನ ಯಾವ ಡೋಸೂ ಹಿಡಿಯದೆ ಉಳಿದ ಮರಿಗಳಿಗೆ ಆಸರೆಯಾಗುವುದು ಆ ಡೋಸ್. ಮೊದಲೆಲ್ಲ ಅದಕ್ಕೆ ಒಂದು ವರ್ಷ ಕಾಯುತ್ತಿದ್ದರು. ರಕ್ಷಣೆಯಿಲ್ಲದ ಮರಿ ಅಷ್ಟು ತಿಂಗಳು ಹಾಗೆಯೇ ಓಡಾಡಿಕೊಂಡಿರುವುದು ಬೇಡವೆಂದು ಈಗ ಅದನ್ನು ಆರು ತಿಂಗಳಿಗೇ ತಂದಿದ್ದಾರೆ.

ಪಾರ್ವೊ ಎಂದರೆ ನನಗೆ ಈಗಲೂ ಭಯ. 1978ರ ಸುಮಾರಿಗೆ ಕಾಣಿಸಿಕೊಂಡ ಈ ವೈರಸ್ ಕೆಲವೇ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಹರಡಿ ಅಸಂಖ್ಯ ನಾಯಿಗಳನ್ನು ಬಲಿ ತೆಗೆದುಕೊಂಡಿತು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ಮನೆ ಬಿಟ್ಟು ಹೊರಗೆ ಹೋಗದ ಮರಿಗೂ ಲಸಿಕೆ ಬೇಕೇ ಬೇಕು.

ಈಗ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ. ಇಲ್ಲಿ ಲೆಕ್ಕವೇ ಬದಲಾಗುತ್ತದೆ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ, ಲಸಿಕೆಯಲ್ಲಿರುವುದು ಸತ್ತ ಬ್ಯಾಕ್ಟೀರಿಯಾ. ರಕ್ಷಣೆ ಸುಮಾರು ಒಂದು ವರ್ಷವಷ್ಟೇ. ಆರಂಭದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ ಒಂದು. ಇಲಿಗಳ ಮೂತ್ರ ಸೇರಿದ ನಿಂತ ನೀರಿನಿಂದ ನಾಯಿಗೆ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ನೀರು ಕಂಡರೆ ಮೂತಿ ಇಡದೆ ಬಿಡದ ಬೆಳ್ಳಿಯ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. ಇನ್ನು ನಾಯಿಯಿಂದ ನಾಯಿಗೆ ಹರಡುವ ಕೆನ್ನೆಲ್ ಕೆಮ್ಮಿನ ಲಸಿಕೆಯೂ ವರ್ಷಕ್ಕೊಮ್ಮೆಯದು. ಬೇರೆ ನಾಯಿಗಳ ಜೊತೆ ಬೋರ್ಡಿಂಗ್‌ನಲ್ಲಿ ಉಳಿಯುವ ನಾಯಿಗಳಿಗೆ ಅದು ಮುಖ್ಯ, ಬೆಳ್ಳಿಗೆ ಸದ್ಯಕ್ಕೆ ಬೇಡ.

ರೇಬೀಸ್ ವಿಷಯದಲ್ಲಿ ನಾನು ಚೌಕಾಸಿಗೆ ನಿಲ್ಲುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯಾಗಲಿ ಮನುಷ್ಯರಾಗಲಿ ಬದುಕುವುದು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇ. 99ರಷ್ಟು ನಾಯಿಗಳಿಂದಲೇ ಬರುತ್ತದೆ. ಕೆಲವು ಲಸಿಕೆಗಳಿಗೆ ಒಂದು ವರ್ಷದ ಮಾನ್ಯತೆ, ಕೆಲವಕ್ಕೆ ಮೂರು ವರ್ಷ. ಬಾಟಲಿಯ ಮೇಲೆ ಏನಿದೆ, ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ, ಈ ಎರಡನ್ನೂ ನೋಡಿ ನಡೆಯಿರಿ. ಕಾನೂನು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೊಮ್ಮೆ, ಅಷ್ಟೇ.

ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯುವ ಟೈಟರ್ ಪರೀಕ್ಷೆಯ ಬಗ್ಗೆಯೂ ಕೇಳಿದ್ದೀರಿ. ಡಿಸ್ಟೆಂಪರ್, ಅಡಿನೊ, ಪಾರ್ವೊ ಮೂರಕ್ಕೂ ಇದು ನಂಬಬಹುದಾದ ದಾರಿ. ಹಿಂದೆ ಲಸಿಕೆಯಿಂದ ತೊಂದರೆಯಾದ ನಾಯಿಗೆ, ಮುದಿ ನಾಯಿಗೆ ನಾನು ಇದನ್ನೇ ಮೊದಲು ಕೇಳುತ್ತೇನೆ. ಲೆಪ್ಟೊಗೆ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ರೇಬೀಸ್‌ನಲ್ಲಿ ಪ್ರತಿಕಾಯ ಎಷ್ಟೇ ಇದ್ದರೂ ಸಾಮಾನ್ಯವಾಗಿ ಕಾನೂನು ಅದನ್ನು ಲಸಿಕೆಯ ಬದಲಿಗೆ ಒಪ್ಪುವುದಿಲ್ಲ.

ಹಾಗಾಗಿ ಬೆಳ್ಳಿಗೆ ಈ ಸಲ ಲೆಪ್ಟೊ ಮತ್ತು ರೇಬೀಸ್ ಮಾತ್ರ. ಮೂರು ವೈರಸ್‌ಗಳ ಲಸಿಕೆ ಕಳೆದ ವರ್ಷವಷ್ಟೇ ಆಗಿದೆ, ಇನ್ನೆರಡು ವರ್ಷ ಬೇಕಿಲ್ಲ. ನಮ್ಮ ವೈದ್ಯರ ಜೊತೆ ಕುಳಿತು ಮಾತನಾಡಿದಾಗ ಅವರೂ ಒಪ್ಪಿದರು. ಲೆಪ್ಟೊ ಮಾತ್ರ ಇರುವ ಲಸಿಕೆ ಎಲ್ಲ ಕಡೆಯೂ ಸಿದ್ಧವಾಗಿ ಇರುವುದಿಲ್ಲ, ಮೊದಲೇ ಫೋನ್ ಮಾಡಿ ತರಿಸಿಡಲು ಹೇಳಿ. ಚುಚ್ಚುಮದ್ದು ಕಡಿಮೆಯಾಯಿತೆಂದು ವರ್ಷದ ತಪಾಸಣೆಯನ್ನು ಮಾತ್ರ ಬಿಡಬೇಡಿ. ಹಲ್ಲು, ತೂಕ, ಹೃದಯದ ಬಡಿತ ಎಲ್ಲವನ್ನೂ ವೈದ್ಯರು ನೋಡುವುದು ಆಗಲೇ. ನಾಯಿಗಳ ಒಂದು ವರ್ಷ ಬಲು ದೊಡ್ಡದು.

ಪುಟ್ಟ ತಳಿಯ ನಾಯಿ ಸಾಕಿರುವವರಿಗೆ ಒಂದು ಮಾತು. ಒಂದೇ ದಿನ ಹಲವು ಲಸಿಕೆ ಹಾಕಿಸಿದಾಗ ಚಿಕ್ಕ ನಾಯಿಗಳಲ್ಲಿ ಪ್ರತಿಕ್ರಿಯೆಯ ಸಾಧ್ಯತೆ ಹೆಚ್ಚು. ಒಟ್ಟಾರೆ ಅದು ಅಪರೂಪವೇ, ಆದರೂ ಕೆಲವು ವಾರಗಳ ಅಂತರದಲ್ಲಿ ಬೇರೆ ಬೇರೆಯಾಗಿ ಕೊಡಬಹುದೇ ಎಂದು ಕೇಳಿ. ಡೋಸ್ ಅರ್ಧ ಮಾಡಿ ಎಂದು ಮಾತ್ರ ಕೇಳಬೇಡಿ. ಅರ್ಧ ಡೋಸ್ ರಕ್ಷಣೆ ಕೊಡುತ್ತದೆ ಎಂಬ ಖಾತ್ರಿ ಇಲ್ಲ.

ಹಾಕಿಸಿದ ಮೇಲೆ ನಾವು ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂರುತ್ತೇವೆ. ಒಂದೆರಡು ದಿನ ಮಂಕಾಗಿರುವುದು, ಸೂಜಿ ಚುಚ್ಚಿದ ಜಾಗ ನೋಯುವುದು ಸಹಜ. ಮುಖ ಊದಿಕೊಂಡರೆ, ಮೈಮೇಲೆ ಗಂದೆ ಎದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಾಟ ಕಷ್ಟವಾದರೆ ಕಾಯುತ್ತಾ ಕೂರಬೇಡಿ, ಆ ಕ್ಷಣವೇ ವೈದ್ಯರ ಬಳಿಗೆ ಕರೆದೊಯ್ಯಿರಿ.