ಪುಕ್ಕಟೆ ಆ್ಯಪ್, ದುಡ್ಡಿನ ಡೇಟಾ

ಎಲ್ಲರಿಗೂ ಶರಣು. ಡೇಟಾಕ್ಕೆ ನೀವು ದುಡ್ಡು ಕೊಟ್ಟ ಮೇಲೆ ಅದರಲ್ಲಿ ಏನು ನೋಡುತ್ತೀರಿ ಅಂತ ವಿಚಾರಿಸಿ ಮೊಬೈಲ್ ಕಂಪನಿ ದರವನ್ನೋ ವೇಗವನ್ನೋ ಬದಲಾಯಿಸಬಾರದು. ನೆಟ್ ನ್ಯೂಟ್ರಾಲಿಟಿ ಅಂದರೆ ಇಷ್ಟೇ. ಕೆಲವು ಆ್ಯಪ್‌ಗಳನ್ನು ಮಾತ್ರ ಪುಕ್ಕಟೆ ಬಿಡುವುದು ಜೀರೋ ರೇಟಿಂಗ್.

ಬಡವರಿಗೆ ಪುಕ್ಕಟೆ ಸಿಕ್ಕರೆ ತಪ್ಪೇನು? ಕೇಳಲೇಬೇಕಾದ ಪ್ರಶ್ನೆ. ಸೇಡಂ ಕಡೆಯ ತೊಗರಿ ಬೆಳೆಗಾರರ ಮೊಬೈಲಿನಲ್ಲಿ ದೊಡ್ಡ ಕಂಪನಿಯೊಂದರ ಧಾರಣೆ ಆ್ಯಪ್ ಪುಕ್ಕಟೆ ಇದೆ ಅಂದುಕೊಳ್ಳಿ. ಕಲಬುರಗಿ ಗಂಜಿನ (ಕೃಷಿ ಮಾರುಕಟ್ಟೆಯ) ದಿನದ ದರವನ್ನು ಕನ್ನಡದಲ್ಲಿ ಹಾಕುವ ಇಲ್ಲಿನ ಹುಡುಗರ ವೆಬ್‌ಸೈಟಿಗೆ ಡೇಟಾ ಖರ್ಚಾಗುತ್ತದೆ. ಬ್ಯಾಲೆನ್ಸ್ ಕಡಿಮೆ ಇದ್ದವರು ಯಾವುದನ್ನು ಒತ್ತುತ್ತಾರೆ? ಆ ಹುಡುಗರು ಸೋಲುವುದು ಕೆಲಸ ಕೆಟ್ಟದ್ದಕ್ಕೆ ಅಲ್ಲವೇ ಅಲ್ಲ, ಅದು ನನಗೆ ಸಹಿಸಲಾಗದ ಸಂಗತಿ.

ಪುಕ್ಕಟೆ ಬಿಡಬೇಕಾದರೆ ಮೊಬೈಲ್ ಕಂಪನಿಯ ಯಂತ್ರ ಪ್ರತಿ ಸಂಪರ್ಕವನ್ನೂ ಇಣುಕಿ ನೋಡಬೇಕು: ಸರ್ವರಿನ ವಿಳಾಸ, ಇಲ್ಲವೇ ಸಂಪರ್ಕ ಶುರುವಾಗುವಾಗ ಕಾಣುವ ಸೈಟಿನ ಹೆಸರು. ಪಟ್ಟಿಯಲ್ಲಿ ಇಲ್ಲದಿದ್ದರೆ ಮೀಟರ್ ಓಡುತ್ತದೆ. ಎಡವಟ್ಟಾಗುವುದೂ ಇಲ್ಲೇ. ಪುಟ ಪುಕ್ಕಟೆ ಬಂದರೂ ಅದರೊಳಗಿನ ಫೋಟೋ, ಜಾಹೀರಾತು ಬೇರೆ ಸರ್ವರಿನಿಂದ ಬಂದರೆ ಅಷ್ಟಕ್ಕೆ ಡೇಟಾ ಕಡಿತ. ವಿಪಿಎನ್ (ಡೇಟಾವನ್ನು ಮುಚ್ಚಿ ಬೇರೊಂದು ಸರ್ವರಿನ ಮೂಲಕ ಕಳಿಸುವ ವ್ಯವಸ್ಥೆ) ಹಾಕಿದರೆ ಯಂತ್ರಕ್ಕೆ ಕಾಣುವುದು ವಿಪಿಎನ್ ಸರ್ವರ್ ಮಾತ್ರ, ಪುಕ್ಕಟೆಯೂ ಹೋಯಿತು.

2015ರಲ್ಲಿ ಫೇಸ್‌ಬುಕ್ ಸಂಸ್ಥೆ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ತಂದ ಇಂಟರ್ನೆಟ್.ಆರ್ಗ್ ಮುಂದೆ ಫ್ರೀ ಬೇಸಿಕ್ಸ್ ಆಯಿತು. ಅದರೊಳಗೆ ಸೇರಲು ಫೇಸ್‌ಬುಕ್ಕಿನ ತಾಂತ್ರಿಕ ನಿಯಮ ಒಪ್ಪಬೇಕಿತ್ತು; ವಿಡಿಯೋ, ಇಂಟರ್ನೆಟ್ ಕರೆ ಕೂಡದು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ನೋಡುವ ವಿಷಯದ ಮೇಲೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಮುರಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ದೊಡ್ಡ ಕಂಪನಿಗೆ ಇದು ತೀರಾ ಕಡಿಮೆ. ಸೈಟು, ಆ್ಯಪ್‌ಗಳನ್ನು ತಡೆಯುವುದು, ಬೇಕೆಂದೇ ನಿಧಾನ ಮಾಡುವುದು ಕೂಡದೆಂಬ ಷರತ್ತು 2018ರಲ್ಲಿ ಕಂಪನಿಗಳ ಲೈಸೆನ್ಸಿಗೇ ಸೇರಿತು.

ಪುಕ್ಕಟೆ ಡೇಟಾಕ್ಕೆ ಈ ನಿಯಮ ಅಡ್ಡ ಬರುವುದಿಲ್ಲ. ಹಳ್ಳಿಯ ಗ್ರಾಹಕರಿಗೆ ತಿಂಗಳಿಗೆ 100 ಎಂಬಿ ಉಚಿತ ಕೊಡಿ ಎಂದು 2016ರ ಡಿಸೆಂಬರಿನಲ್ಲಿ ಟ್ರಾಯ್ ತಾನೇ ಶಿಫಾರಸು ಮಾಡಿತು. ಯಾವ ಸೈಟು ನೋಡಬೇಕೆಂಬುದು ನೋಡುವವರಿಗೇ ಬಿಟ್ಟದ್ದು. ಸರಿಯಾದ ದಾರಿ ಇದೇ.

ಇನ್ನು ನಿಮ್ಮ ಫೋನಿನ ಮಾತು. ದಿನದ ಡೇಟಾ ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. 1 ಎಂಬಿಯ ಫೋಟೋಗೆ ಎರಡು ನಿಮಿಷ ದಾಟುತ್ತದೆ. ಎಲ್ಲ ಸೈಟಿಗೂ ಒಂದೇ ರೀತಿ ಇಳಿದರೆ ಅದು ತಾರತಮ್ಯ ಅನ್ನಿಸಿಕೊಳ್ಳುವುದಿಲ್ಲ. ಡೇಟಾ ಬಾಕಿ ಇದ್ದೂ ಒಂದೇ ಆ್ಯಪ್ ತೆವಳುತ್ತಿದ್ದರೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ವಿಡಿಯೋವನ್ನು ಮೊದಲು ನೇರವಾಗಿ, ಆಮೇಲೆ ವಿಪಿಎನ್ ಹಾಕಿ ನೋಡಿ. ವಿಪಿಎನ್‌ನಲ್ಲಿ ಸಲೀಸಾಗಿ ಓಡಿದರೆ ಅನುಮಾನಕ್ಕೆ ಆಸ್ಪದವಿದೆ. ಆದರೆ ದಾರಿ ಬದಲಾದದ್ದರಿಂದಲೂ ವೇಗ ಹೆಚ್ಚಬಹುದು, ಒಂದು ಸಲದ ಪರೀಕ್ಷೆ ಸಾಲದು. ಮೂರ್ನಾಲ್ಕು ದಿನ ಸಮಯ ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸೇವೆಗೆ ದೂರು ಕೊಡಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವಾಗ ಮೊದಲು ಕೇಳುವುದೇ ಆ ನಂಬರ್.